ಕೊನೇ ಸೆಮಿಸ್ಟರ್, ದಿನಾ ಆನ್‌ಲೈನಲ್ಲಿ ಅಪ್ಲೈ ಮಾಡ್ತಿದೀನಿ, ಒಂದಕ್ಕೂ ಉತ್ತರ ಇಲ್ಲ. ಎಲ್ಲಿ ಎಡವಟ್ಟಾಗ್ತಿದೆ?

ಕೊನೇಬೆಂಚು:

ಎಲ್ರಿಗೂ ನಮಸ್ಕಾರ. ಇಲ್ಲಿ ಓದ್ತಾ ಇದ್ದೆ, ಬರೀತಿರೋದು ಮೊದಲನೇ ಸಲ. ಡಿಗ್ರಿ ಕೊನೇ ಸೆಮಿಸ್ಟರಲ್ಲಿದೀನಿ, ಮೇನ್ ಸಬ್ಜೆಕ್ಟು ಸ್ಟ್ಯಾಟಿಸ್ಟಿಕ್ಸ್. ಎಕ್ಸೆಲ್ ಚೆನ್ನಾಗಿ ಬರುತ್ತೆ, ಆರ್ ಅನ್ನೋ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್ ಪ್ರಾಜೆಕ್ಟಿಗೆ ಅಂತ ಕಲ್ತಿದ್ದು ಈಗ ಕೈಗೆ ಹತ್ತಿದೆ, ಪೈಥಾನ್ ಅರ್ಧಂಬರ್ಧ.

ವಿಷಯ ಏನಂದ್ರೆ ಕೆಲವು ತಿಂಗಳಿಂದ ರಾತ್ರಿ ಕೂತ್ಕೊಂಡು ಲಿಂಕ್ಡ್‌ಇನ್ನು ಇಂಡೀಡು ಎರಡ್ರಲ್ಲೂ ಫ್ರೆಶರ್ ಅಂತ ಹುಡುಕಿ ಕಂಡಿದ್ದಕ್ಕೆಲ್ಲ ಅಪ್ಲೈ ಒತ್ತುತ್ತಾ ಹೋಗ್ತಿದೀನಿ, ಈಸಿ ಅಪ್ಲೈ ಇದ್ರಂತೂ ಓದೋದೂ ಇಲ್ಲ, ಬಟನ್ ಕಂಡ್ರೆ ಬೆರಳು ತಾನಾಗೇ ಹೋಗುತ್ತೆ. ಡೇಟಾ ಅನಲಿಸ್ಟು, ಬಿಸಿನೆಸ್ ಅನಲಿಸ್ಟು, ಬ್ಯಾಂಕಲ್ಲಿ ರಿಸ್ಕು, ಕಂಟೆಂಟ್ ರೈಟಿಂಗು, ಕಸ್ಟಮರ್ ಸಪೋರ್ಟು, ಏನೂ ಬಿಟ್ಟಿಲ್ಲ. ಅಲ್ಲಿಂದ ಬರೋದು ಒಂದೋ ಪೂರ್ತಿ ಮೌನ, ಇಲ್ಲಾಂದ್ರೆ ನಡುರಾತ್ರೀಲಿ ಬಂದು ಬೀಳೋ ಆಟೋಮ್ಯಾಟಿಕ್ 'ಕ್ಷಮಿಸಿ' ಮೇಲು.

ಫ್ರೆಂಡ್ಸು ಒಬ್ಬೊಬ್ರು ಒಂದೊಂದು ಹೇಳ್ತಾರೆ. ನೂರಕ್ಕೆ 75 ರೆಸ್ಯೂಮೆನ ಮನುಷ್ಯರು ನೋಡೋದೇ ಇಲ್ಲ ಸಾಫ್ಟ್‌ವೇರೇ ಎಸೆದುಬಿಡುತ್ತೆ ಅಂತ ಒಬ್ಬ, ಎಟಿಎಸ್ ಅಂತಾರಲ್ಲ ಆ ಸಾಫ್ಟ್‌ವೇರಿನ ಸ್ಕೋರು 90 ದಾಟ್ಬೇಕು ಅದಕ್ಕೊಂದು ಸೈಟಿಗೆ ದುಡ್ಡು ಕಟ್ಟು ಅಂತ ಇನ್ನೊಬ್ಬ. ಕಾಲೇಜಲ್ಲಿ ಕರಿಯರ್ ಪ್ಲಾನಿಂಗ್ ಅಂತ ಒಂದು ಸೆಷನ್ ಇಟ್ಟಿದ್ರು, ಐದು ವರ್ಷ ಆದ್ಮೇಲೆ ಎಲ್ಲಿರ್ತೀರಾ ಬರೀರಿ ಅಂದ್ರು, ನಂಗೆ ಐದು ವಾರ ಆದ್ಮೇಲೆ ಏನು ಅನ್ನೋದೇ ಗೊತ್ತಿಲ್ಲ, ಪಕ್ಕದವನದ್ದು ನೋಡಿ ಬರೆದು ಕೊಟ್ಟೆ.

ಮೊದ್ಲು ಕೂತು ಪ್ಲಾನ್ ಮಾಡ್ಬೇಕಾ ಇಲ್ಲ ಯಾವ್ದಾದ್ರೂ ಕೆಲಸ ಹಿಡಿದು ಆಮೇಲೆ ಯೋಚ್ನೆ ಮಾಡ್ಬೇಕಾ? ಮತ್ತೆ ಈ ಎಟಿಎಸ್ ಕತೆ ನಿಜಾನಾ? ಗೊತ್ತಿರೋರು ಹೇಳಿ ಪ್ಲೀಸ್.

---

ಸುಮ್ನೆಹೋಗು:

ಪ್ಲಾನು ಗೀನು ಎಲ್ಲ ದುಡ್ಡಿದ್ದೋರಿಗೆ ಗುರು. ಸಿಕ್ಕಿದ್ದು ಹಿಡಿ, ಒಳಗೆ ಹೋದ್ಮೇಲೆ ದಾರಿ ಕಾಣುತ್ತೆ. ಅಪ್ಲೈ ಮಾಡೋದು ನಿಲ್ಲಿಸ್ಬೇಡ, ಇನ್ನೂ ಜಾಸ್ತಿ ಮಾಡು.

---

ಮೇಜಿನಾಚೆ:

ನಾನು ನೇಮಕಾತಿ ಕೆಲಸದಲ್ಲೇ ಇರೋದು, ಅಂದ್ರೆ ನೀವು ಒತ್ತೋ ಆ ಬಟನ್ನಿನ ಇನ್ನೊಂದು ತುದೀಲಿ ಕೂತಿರೋಳು. ಅದಕ್ಕೆ ಎರಡನೇ ಪ್ರಶ್ನೆಗೆ ಮೊದ್ಲು ಉತ್ತರ ಕೊಡ್ತೀನಿ.

ಎಟಿಎಸ್ ಅಂದ್ರೆ ಅಪ್ಲಿಕೆಂಟ್ ಟ್ರ್ಯಾಕಿಂಗ್ ಸಿಸ್ಟಮ್, ವರ್ಕ್‌ಡೇ, ಗ್ರೀನ್‌ಹೌಸ್, ಲೀವರ್ ಅಂತೆಲ್ಲ ಇದಾವೆ, ಕಂಪನಿ ಸೈಟಲ್ಲಿ ಅಪ್ಲೈ ಮಾಡೋವಾಗ ಪೇಜಿನ ಅಡ್ರೆಸಲ್ಲಿ ಆ ಹೆಸರು ನೀವೇ ನೋಡಿರ್ತೀರಾ. ಅದು ಮುಖ್ಯವಾಗಿ ಒಂದು ದೊಡ್ಡ ರಿಜಿಸ್ಟರು. ಬಂದ ಫೈಲಿಂದ ಹೆಸರು, ಮೇಲು, ಓದು, ಅನುಭವ ಎತ್ತಿ ಕಾಲಮ್ಮಿಗೆ ಹಾಕುತ್ತೆ, ನಾವು ಅದರ ಮೇಲೆ ಸರ್ಚ್ ಮಾಡ್ತೀವಿ, ಫಿಲ್ಟರ್ ಹಾಕ್ತೀವಿ. ನೂರಕ್ಕೆ 75 ಎಸೆಯುತ್ತೆ ಅನ್ನೋ ಸಂಖ್ಯೆಗೆ ಹಿಂದೆ ನಂಬೋ ಅಂಥ ಯಾವ ಅಧ್ಯಯನಾನೂ ಇಲ್ಲ, ಅದನ್ನ ಜೋರಾಗಿ ಹೇಳೋರು ಹೆಚ್ಚಿನಂಶ ರೆಸ್ಯೂಮೆ ರಿಪೇರಿ ಮಾಡಿಕೊಡ್ತೀವಿ ಅಂತ ದುಡ್ಡು ತಗೊಳ್ಳೋರೇ. ಸ್ಕೋರೂ ಅಷ್ಟೇ. ಆ ಸೈಟು ಕೊಡೋ 90 ಅನ್ನೋ ನಂಬರ್ ಆ ಸೈಟಿಂದು, ನನ್ನ ಸ್ಕ್ರೀನಲ್ಲಿ ಅದು ಬರಲ್ಲ. ಕೆಲವು ಸಿಸ್ಟಮ್‌ಗಳಲ್ಲಿ ಮ್ಯಾಚ್ ರ್ಯಾಂಕಿಂಗ್ ಇದೆ, ಈಗೀಗ ಎಐ ಸೇರಿಸಿ ಅದು ಜಾಸ್ತಿನೂ ಆಗ್ತಿದೆ, ಆದ್ರೆ ಪ್ರತಿ ಕಂಪನೀದೂ ಬೇರೆ ಬೇರೆ, ಹೊರಗಡೆಯವನೊಬ್ಬ ಒಂದೇ ಸ್ಕೋರ್ ಹೇಳೋಕಾಗಲ್ಲ.

ಹಾಗಾದ್ರೆ ನಡುರಾತ್ರಿ ಮೇಲು ಎಲ್ಲಿಂದ ಬರುತ್ತೆ? ಫಾರಂ ತುಂಬೋವಾಗ ಪ್ರಶ್ನೆಗಳು ಕೇಳ್ತೀವಲ್ಲ, ಎಷ್ಟು ವರ್ಷ ಅನುಭವ, ಇಂಥ ಸರ್ಟಿಫಿಕೇಟ್ ಇದ್ಯಾ, ಕೆಲಸ ಮಾಡೋಕೆ ಪರ್ಮಿಟ್ ಇದ್ಯಾ, ಅದಕ್ಕೆ ನಾಕ್‌ಔಟ್ ಪ್ರಶ್ನೆ ಅಂತೀವಿ. ಅದ್ರಲ್ಲಿ ಇಲ್ಲ ಅಂತ ಒತ್ತಿದ ಕೂಡ್ಲೇ ಹೊರಗೆ. ತೀರ್ಮಾನ ಆಗಲೇ ಆಗಿರುತ್ತೆ, ಮೇಲು ಮಾತ್ರ ಸ್ವಲ್ಪ ಹೊತ್ತು ಬಿಟ್ಟು ಹೋಗೋ ಹಾಗೆ ಸೆಟ್ ಮಾಡಿರ್ತಾರೆ. ಮೂರು ವರ್ಷ ಅನುಭವ ಕಡ್ಡಾಯ ಅಂತ ಇರೋ ಕಡೆ ಓದದೆ ಒತ್ತಿದ್ರೆ ನಿಮಗೆ ಬರೋದು ಇದೇ.

ರೆಸ್ಯೂಮೆ ವಿಷಯಕ್ಕೆ ಬರೋಣ. ನಿಮ್ಮ ಪಿಡಿಎಫ್ ತೆಗೆದು ಎಲ್ಲಾ ಸೆಲೆಕ್ಟ್ ಮಾಡಿ ಕಾಪಿ ಹೊಡೆದು ನೋಟ್‌ಪ್ಯಾಡಲ್ಲಿ ಪೇಸ್ಟ್ ಮಾಡಿ ನೋಡಿ, ಈಗಲೇ ಮಾಡಿ. ಅಲ್ಲಿ ಸಾಲು ಸರಿಯಾಗಿ ಬಂದ್ರೆ ಸಾಫ್ಟ್‌ವೇರಿಗೂ ಸರಿಯಾಗೇ ಕಾಣುತ್ತೆ. ಎರಡು ಕಾಲಮ್ಮಿನ ಚಂದದ ಟೆಂಪ್ಲೇಟ್ ಆಗಿದ್ರೆ ಎಡಗಡೆ ಫೋನ್ ನಂಬರು ಬಲಗಡೆ ಪ್ರಾಜೆಕ್ಟಿನ ಮಧ್ಯ ಬಂದು ಕೂತಿರುತ್ತೆ, ಎಕ್ಸೆಲ್‌ಗೆ ಐದರಲ್ಲಿ ನಾಲ್ಕು ಚುಕ್ಕಿ ಅಂತ ಚಿತ್ರ ಹಾಕಿರ್ತಾರಲ್ಲ ಅದು ಮಾಯ ಆಗಿರುತ್ತೆ. ಹೆಡರ್ ಒಳಗೆ ಮೇಲ್ ಐಡಿ ಇಟ್ಟಿದ್ರೆ ಅದೂ ಕೆಲವು ಸಲ ಬಿಟ್ಟುಹೋಗುತ್ತೆ. ಒಂದೇ ಕಾಲಮ್, ಮಾಮೂಲಿ ತಲೆಬರಹ, ಒಂದು ಪೇಜು. ಫ್ರೆಶರಿಗೆ ಎರಡನೇ ಪೇಜು ಬೇಕಾಗಲ್ಲ.

ಇದೆಲ್ಲ ದಾಟಿ ನಮ್ಮ ಮುಂದೆ ಬಂದಾಗ ಏನಾಗುತ್ತೆ ಅಂದ್ರೆ, 2012ರಲ್ಲಿ ಲ್ಯಾಡರ್ಸ್ ಅನ್ನೋ ಉದ್ಯೋಗ ಸೈಟು 30 ಜನ ರಿಕ್ರೂಟರ್‌ಗಳ ಕಣ್ಣು ಎಲ್ಲಿ ಓಡುತ್ತೆ ಅಂತ ಟ್ರ್ಯಾಕ್ ಮಾಡಿಸಿತ್ತು, ಮೊದಲ ನೋಟಕ್ಕೆ ಸುಮಾರು 6 ಸೆಕೆಂಡು ಅಂತ ಬಂತು. ಸಣ್ಣ ಸ್ಟಡಿ, ಅವರೂ ವ್ಯಾಪಾರ ಮಾಡೋರೇ, ಆದ್ರೂ ನನ್ನ ದಿನಚರಿಗೆ ಅದು ದೂರ ಏನಿಲ್ಲ. ಆ ಹೊತ್ತಲ್ಲಿ ನಾನು ನೋಡೋದು ಈ ಹುಡುಗ ಈ ಕೆಲಸಕ್ಕೆ ಅಂತ ಬರೆದಿದಾನಾ ಇಲ್ಲ ಊರಿಗೆಲ್ಲ ಹಂಚಿದ್ದನ್ನೇ ಇಲ್ಲೂ ಹಾಕಿದಾನಾ ಅನ್ನೋದು. ಕಸ್ಟಮರ್ ಸಪೋರ್ಟಿಗೂ ರಿಸ್ಕ್ ಅನಲಿಸ್ಟಿಗೂ ಒಂದೇ ರೆಸ್ಯೂಮೆ ಹೋಗ್ತಿದ್ರೆ ಗೊತ್ತಾಗೇ ಆಗುತ್ತೆ.

---

ಕೊನೇಬೆಂಚು:

ಮೇಡಂ ಥ್ಯಾಂಕ್ಸ್, ಈಗಷ್ಟೇ ನೋಟ್‌ಪ್ಯಾಡಲ್ಲಿ ಪೇಸ್ಟ್ ಮಾಡಿದೆ, ನನ್ನ ಹೆಸರು ಕೊನೇ ಸಾಲಲ್ಲಿ ಬಂದಿದೆ 😭 ಸ್ಕಿಲ್ಸ್ ಜಾಗದಲ್ಲಿ ಬರೀ ಚೌಕ ಚೌಕ. ಟೆಂಪ್ಲೇಟ್ ಕಿತ್ತಾಕ್ತಿದೀನಿ.

ಆದ್ರೆ ಈ ಕೆಲಸಕ್ಕೆ ಅಂತ ಬರೆಯೋದು ಅಂದ್ರೆ ಹೇಗೆ? ಯಾವ ಕೆಲಸಕ್ಕೆ ಅನ್ನೋದೇ ಗೊತ್ತಿಲ್ವಲ್ಲ.

---

ಸೊನ್ನೆಒಂದು:

ಇಲ್ಲೇ ಇರೋದು ನೋಡು ಗಂಟು. ಪ್ಲಾನ್ ಮೊದ್ಲಾ ಕೆಲಸ ಮೊದ್ಲಾ ಅಂತ ಕೇಳಿದೀಯಲ್ಲ, ಅವೆರಡೂ ಬೇರೆ ಬೇರೆ ಅಂದ್ಕೊಂಡಿರೋದ್ರಿಂದ ಬಂದಿರೋ ಪ್ರಶ್ನೆ ಅದು. ಜಾಬ್ ಪೋಸ್ಟಿಂಗ್ ಅನ್ನೋದು ಅಪ್ಲೈ ಮಾಡೋಕೆ ಮಾತ್ರ ಇರೋ ವಸ್ತು ಅಲ್ಲ, ಅದು ಡೇಟಾ. ಯಾವ ಕೆಲಸದಲ್ಲಿ ದಿನಾ ಏನು ಮಾಡಿಸ್ತಾರೆ, ಏನು ಬರ್ಬೇಕು ಅಂತಾರೆ, ಎಲ್ಲ ಕಂಪನಿಗಳೇ ಬರೆದು ಫ್ರೀಯಾಗಿ ಹಾಕಿವೆ, ನೀನು ಸ್ಟ್ಯಾಟಿಸ್ಟಿಕ್ಸ್ ಓದಿರೋನು, ಅದನ್ನ ಓದದೇ ಬಟನ್ ಒತ್ತಿಕೊಂಡು ಕೂತಿದೀಯ.

ಹೀಗೆ ಮಾಡು. ಒಂದು ವಾರ ಅಪ್ಲೈ ಪೂರ್ತಿ ಬಂದ್. ನಿಂಗೆ ಸ್ವಲ್ಪನಾದ್ರೂ ಇಷ್ಟ ಆಗ್ಬಹುದು ಅನ್ಸೋ 40 ಪೋಸ್ಟಿಂಗ್ ಆರಿಸ್ಕೋ, ಎಕ್ಸೆಲಲ್ಲಿ ಒಂದೊಂದು ಸಾಲಿಗೆ ಒಂದೊಂದು. ಕಾಲಮ್ ಏನಪ್ಪಾ ಅಂದ್ರೆ ಕೆಲಸದ ಹೆಸರು, ಕಡ್ಡಾಯ ಅಂತ ಬರೆದಿರೋ ಸ್ಕಿಲ್ಲು, ಇದ್ರೆ ಒಳ್ಳೇದು ಅಂತ ಬರೆದಿರೋ ಸ್ಕಿಲ್ಲು, ದಿನದ ಕೆಲಸ ಏನು ಅಂತ ನಿನ್ನ ಮಾತಲ್ಲಿ ಒಂದು ಸಾಲು, ಇದನ್ನ ಸೋಮವಾರ ಬೆಳಗ್ಗೆ ಮಾಡೋಕೆ ನಂಗೆ ಮನಸಾಗುತ್ತಾ ಅಂತ ಒಂದರಿಂದ ಐದು. ಕಡ್ಡಾಯ ಮತ್ತೆ ಇದ್ರೆ ಒಳ್ಳೇದು ಅನ್ನೋದನ್ನ ಬೇರೆ ಬೇರೆ ಕಾಲಮ್ಮಲ್ಲೇ ಹಾಕು, ಎಲ್ಲಾನೂ ಒಂದೇ ಅಂದ್ಕೊಂಡು ಅರ್ಧ ಜನ ಹೆದರ್ಕೊಂಡು ಬಿಟ್ಟುಬಿಡ್ತಾರೆ, ಇನ್ನರ್ಧ ಜನ ಓದದೇ ಒತ್ತುತಾರೆ.

ಆಮೇಲೆ ಪಿವಟ್ ಟೇಬಲ್ ಹಾಕು, ಅಂದ್ರೆ ಯಾವುದು ಎಷ್ಟು ಸಲ ಬಂದಿದೆ ಅಂತ ಗುಂಪು ಮಾಡಿ ಎಣಿಸೋ ಎಕ್ಸೆಲ್ ಟೇಬಲ್. ಡೇಟಾ ಅನಲಿಸ್ಟ್ ಅನ್ನೋ ಒಂದೇ ಹೆಸರಿನ ಕೆಳಗೆ ನಾಲ್ಕು ಬೇರೆ ಬೇರೆ ಕೆಲಸ ಇರೋದು ಕಾಣುತ್ತೆ. ಒಂದು ಕಡೆ ದಿನಪೂರ್ತಿ ಡ್ಯಾಶ್‌ಬೋರ್ಡ್ ಮಾಡೋದು, ಇನ್ನೊಂದು ಕಡೆ ಎಸ್‌ಕ್ಯೂಎಲ್ (ಡೇಟಾಬೇಸಿಂದ ಡೇಟಾ ತೆಗೆಯೋ ಭಾಷೆ) ಬರೆದು ಡೇಟಾ ಕ್ಲೀನ್ ಮಾಡೋದು, ಮತ್ತೊಂದು ಕಡೆ ಎ/ಬಿ ಟೆಸ್ಟ್ (ಎರಡು ತರ ತೋರಿಸಿ ಯಾವುದು ಚೆನ್ನಾಗಿ ನಡೆಯುತ್ತೆ ಅಂತ ನೋಡೋದು) ನಡೆಸೋದು, ಇನ್ನೂ ಒಂದು ಕಡೆ ಬರೀ ಪಿಪಿಟಿ ಮಾಡಿ ಮೀಟಿಂಗಲ್ಲಿ ತೋರಿಸೋದು. ಉಲ್ಟಾ ಕೂಡ ಆಗುತ್ತೆ, ನೀನು ಹೆಸರೇ ಕೇಳಿರದ ಕೆಲಸ ನೀನು ಓದಿದ್ದನ್ನೇ ಕೇಳ್ತಿರುತ್ತೆ. ಬಯೋಸ್ಟ್ಯಾಟಿಸ್ಟಿಕ್ಸ್ ಪ್ರೋಗ್ರಾಮರ್, ಆಕ್ಚುವೇರಿಯಲ್ ಅನಲಿಸ್ಟ್, ಸರ್ವೇ ಮೆಥಡಾಲಜಿ, ಡಿಮಾಂಡ್ ಪ್ಲ್ಯಾನಿಂಗ್, ಕ್ರೆಡಿಟ್ ಸ್ಕೋರಿಂಗ್ (ಸಾಲ ತಗೊಂಡೋರು ತೀರಿಸ್ತಾರಾ ಅಂತ ಲೆಕ್ಕ ಹಾಕೋದು), ಇವೆಲ್ಲ ಫ್ರೆಶರ್ ಅಂತ ಹುಡುಕಿದ್ರೆ ಮೇಲೆ ಬರಲ್ಲ.

ಹೊಸ ಹೆಸರುಗಳು ಬೇಕಾದ್ರೆ ಓನೆಟ್ ಅಂತ ಒಂದು ಡೇಟಾಬೇಸ್ ಇದೆ, ಅಮೆರಿಕದ ಕಾರ್ಮಿಕ ಇಲಾಖೆದು, ಯಾವ ದೇಶದಿಂದ ಬೇಕಾದ್ರೂ ಫ್ರೀಯಾಗಿ ನೋಡಬಹುದು, 900ಕ್ಕೂ ಜಾಸ್ತಿ ಉದ್ಯೋಗಗಳಿವೆ, ಪ್ರತಿಯೊಂದಕ್ಕೂ ದಿನದ ಕೆಲಸ, ಬೇಕಾದ ಕೌಶಲ, ಅದಕ್ಕೆ ಹತ್ತಿರದ ಬೇರೆ ಕೆಲಸಗಳು ಎಲ್ಲ ಕೊಟ್ಟಿದಾರೆ. ಸಂಬಳದ ಅಂಕಿ ಅಮೆರಿಕದ್ದು, ಅದನ್ನ ಬಿಟ್ಟಾಕು. ಅಲ್ಲೇ 60 ಪ್ರಶ್ನೆಯ ಒಂದು ಇಂಟರೆಸ್ಟ್ ಟೆಸ್ಟೂ ಇದೆ. ಜಾನ್ ಹಾಲಂಡ್ ಅನ್ನೋ ಮನಶ್ಶಾಸ್ತ್ರಜ್ಞ 1959ರಲ್ಲಿ ಶುರು ಮಾಡಿದ ಆರು ವಿಧದ ಲೆಕ್ಕ ಅದು, ಕೈಕೆಲಸ, ಶೋಧನೆ, ಕಲೆ, ಜನರ ಜತೆ ಕೆಲಸ, ಮುಂದಾಳತ್ವ, ಅಚ್ಚುಕಟ್ಟಿನ ಕಚೇರಿ ಕೆಲಸ, ಇದ್ರಲ್ಲಿ ನಿಂಗೆ ಯಾವ ಎರಡು ಮೂರು ಜಾಸ್ತಿ ಅಂತ ಹೇಳುತ್ತೆ. ಟೆಸ್ಟ್ ಹೇಳಿದ್ದೇ ವೇದವಾಕ್ಯ ಅಂದ್ಕೋಬೇಡ, ಅದು ಆಸಕ್ತಿ ಅಳೆಯುತ್ತೆ ಸಾಮರ್ಥ್ಯ ಅಲ್ಲ. ಆದ್ರೆ ಜನರ ಜತೆ ಅನ್ನೋದು ತೀರಾ ಕೆಳಗೆ ಬಂದಿರೋನು ಕಸ್ಟಮರ್ ಸಪೋರ್ಟಿಗೆ ಯಾಕೆ ಅಪ್ಲೈ ಮಾಡ್ತಿದಾನೆ ಅಂತ ಕೇಳ್ಕೊಳ್ಳೋಕೆ ಸಾಕು.

---

ಸುಮ್ನೆಹೋಗು:

40 ಪೋಸ್ಟಿಂಗ್ ಎಕ್ಸೆಲಲ್ಲಿ ಹಾಕೋಷ್ಟರಲ್ಲಿ ಆ ಕೆಲಸಗಳೆಲ್ಲ ಬೇರೆಯೋರ ಪಾಲಾಗಿರುತ್ತೆ 😂

---

ಸೊನ್ನೆಒಂದು:

@ಸುಮ್ನೆಹೋಗು ಅಣ್ಣ, ಈಗ ಒತ್ತಿರೋದೆಲ್ಲ ಇವನ ಪಾಲಾಗಿದ್ಯಾ? ಮನೇಲಿ ತಕ್ಷಣ ದುಡ್ಡು ಬೇಕು ಅನ್ನೋ ಪರಿಸ್ಥಿತಿ ಇದ್ರೆ ನೀವು ಹೇಳೋದೇ ಸರಿ, ಸಿಕ್ಕಿದ್ದಕ್ಕೆ ಸೇರ್ಕೊಂಡು ರಾತ್ರಿ ಹುಡುಕಲಿ, ಅದ್ರಲ್ಲಿ ಅವಮಾನ ಏನೂ ಇಲ್ಲ. ಆದ್ರೆ ಆಗಲೂ ಆ ಟೇಬಲ್ ಬೇಕೇ ಬೇಕು, ಇಲ್ಲಾಂದ್ರೆ ಒಳಗೆ ಹೋದ್ಮೇಲೆ ಕಾಣೋ ದಾರಿ ಅಲ್ಲೇ ಸುತ್ತೋ ದಾರಿ.

ಹಾಂ, ಇನ್ನೊಂದು ಮರೆತೆ, ಹುಡುಕೋ ರೀತಿ. ಬೆಂಚಣ್ಣಾ, ಫ್ರೆಶರ್ ಅನ್ನೋ ಒಂದು ಪದ ಹಾಕಿ ಹುಡುಕಿದ್ರೆ ಲೋಕವೇ ಬರುತ್ತೆ. ಲಿಂಕ್ಡ್‌ಇನ್ ಸರ್ಚಲ್ಲಿ ಎರಡು ಪದಾನ ಕೋಟ್ ಒಳಗೆ ಹಾಕಿದ್ರೆ ಅವೆರಡೂ ಒಟ್ಟಿಗೇ ಇರೋದು ಮಾತ್ರ ಬರುತ್ತೆ, ಇಂಗ್ಲಿಷಿನ ನಾಟ್ ಅನ್ನೋ ಪದಾನ ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿ ಹಾಕಿ ಮುಂದೆ ಸೀನಿಯರ್ ಅಂತ ಬರೆದ್ರೆ ಸೀನಿಯರ್ ಕೆಲಸಗಳು ಹೊರಗೆ ಹೋಗ್ತಾವೆ. ನಿನ್ನ ಆರ್ ಲ್ಯಾಂಗ್ವೇಜಿಗೆ ಒಂದು ತಾಪತ್ರಯ ಇದೆ, ಒಂದೇ ಅಕ್ಷರ ಹಾಕಿ ಹುಡುಕಿದ್ರೆ ಆರ್ ಅಂಡ್ ಡಿ ಎಲ್ಲ ಬಂದು ಬೀಳುತ್ತೆ, ಅದ್ರ ಬದಲು ಆರ್ ಜತೆ ಬಳಸೋ ಟೂಲುಗಳ ಹೆಸರು ಹಾಕು, ಆರ್‌ಸ್ಟುಡಿಯೋ, ಟೈಡಿವರ್ಸ್, ಶೈನಿ ಅಂತ ಹುಡುಕು, ಅದನ್ನ ನಿಜವಾಗ್ಲೂ ಬಳಸೋ ಟೀಮುಗಳೇ ಸಿಗ್ತಾವೆ. ಸರಿಯಾದ ಸರ್ಚ್ ಸಿಕ್ಕಿದ ಮೇಲೆ ಅದನ್ನ ಜಾಬ್ ಅಲರ್ಟ್ ಮಾಡಿಟ್ಕೋ, ಪೋಸ್ಟ್ ಆಗಿ 24 ಗಂಟೆ ಒಳಗಿಂದು ಅಂತ ಫಿಲ್ಟರ್ ಹಾಕು. ಆಗ ದಿನಕ್ಕೆ ಒಂದೋ ಎರಡೋ ಬರುತ್ತೆ, ಆ ಒಂದೆರಡಕ್ಕೆ ಕೂತು ಬರೆಯೋಕೆ ಟೈಮೂ ಇರುತ್ತೆ.

---

ಮೇಜಿನಾಚೆ:

ಬೇಗ ಅಪ್ಲೈ ಮಾಡೋದು ಅನ್ನೋದಕ್ಕೆ ನನ್ನದೂ ಒಂದು ಓಟು. ಎಲ್ಲ ಕಡೆ ಒಂದೇ ತರ ಇರಲ್ಲ, ಆದ್ರೆ ಎಷ್ಟೋ ಸಲ ಬಂದ ಹಾಗೇ ನೋಡ್ತಾ ಹೋಗ್ತೀವಿ, ಸಾಕಷ್ಟು ಒಳ್ಳೇವರು ಸಿಕ್ಕಿದ ಕೂಡ್ಲೇ ಕೆಳಗಿರೋದು ಕೆಳಗೇ ಉಳಿಯುತ್ತೆ. ಮತ್ತೆ ಲಿಂಕ್ಡ್‌ಇನ್ನಲ್ಲಿ ಕಂಡ ಕೆಲಸ ಕಂಪನಿಯ ಸ್ವಂತ ಕರಿಯರ್ಸ್ ಪೇಜಲ್ಲೂ ಇದ್ಯಾ ನೋಡಿ, ಇದ್ರೆ ಅಲ್ಲೇ ಅಪ್ಲೈ ಮಾಡಿ. ಅಲ್ಲಿ ಇಲ್ಲ, ಇಲ್ಲಿ ಮಾತ್ರ ತಿಂಗಳುಗಟ್ಟಲೆ ರೀಪೋಸ್ಟ್ ಆಗ್ತಾನೇ ಇದೆ ಅಂದ್ರೆ ಅದು ತುಂಬೋ ಉದ್ದೇಶವೇ ಇಲ್ಲದ ಪೋಸ್ಟಿಂಗ್ ಇರಬಹುದು, ಅಂಥವೂ ಇರ್ತಾವೆ, ರೆಸ್ಯೂಮೆ ಸೇರಿಸಿ ಇಟ್ಕೊಳ್ಳೋಕೆ ಅಂತ ಹಾಕಿರ್ತಾರೆ. ನಮ್ಮ ಕಸುಬಿನ ಈ ಬುದ್ಧಿ ನಂಗೂ ಸೇರಲ್ಲ.

ಮತ್ತೆ ಕೆಲಸಕ್ಕೆ ತಕ್ಕ ಹಾಗೆ ಬರೆಯೋದು ಹೇಗೆ ಅಂದ್ರಲ್ಲ. ಹೊಸದಾಗಿ ಎಲ್ಲಾ ಬರೀಬೇಡಿ. ಪ್ರಾಜೆಕ್ಟಿನ ಸಾಲು ಈಗ ಹೇಗಿದೆ ನಂಗೊತ್ತು, 'ಆರ್ ಬಳಸಿ ಡೇಟಾ ಅನಾಲಿಸಿಸ್ ಮಾಡಲಾಯಿತು' ಅಂತ ಇರುತ್ತೆ, ಯಾರು ಮಾಡಿದ್ದು ಏನು ಮಾಡಿದ್ದು ಒಂದೂ ಇಲ್ಲ. ಎಷ್ಟು ಸಾಲಿನ ಡೇಟಾ, ಎಲ್ಲಿಂದ ತಂದ್ರಿ, ಅದ್ರಲ್ಲಿ ಏನು ಕೆಟ್ಟಿತ್ತು, ನೀವು ಏನು ಮಾಡಿದ್ರಿ, ಕೊನೆಗೆ ಏನು ಗೊತ್ತಾಯ್ತು, ಇಷ್ಟು ಎರಡು ಸಾಲಲ್ಲಿ. ಪೋಸ್ಟಿಂಗಲ್ಲಿ ಡೇಟಾ ಕ್ಲೀನಿಂಗ್ ಅಂತ ಇದ್ರೆ ಕ್ಲೀನ್ ಮಾಡಿದ್ದನ್ನ ಮೇಲೆ ತನ್ನಿ, ರಿಪೋರ್ಟಿಂಗ್ ಅಂತ ಇದ್ರೆ ರಿಪೋರ್ಟ್ ಬರೆದಿದ್ದನ್ನ ಮೇಲೆ ತನ್ನಿ, ಅವರು ಬಳಸಿರೋ ಪದಾನೇ ಬಳಸಿ, ನಿಜವಾಗ್ಲೂ ಮಾಡಿದ್ರೆ ಮಾತ್ರ. ಇಲ್ಲದ್ದನ್ನ ಸೇರಿಸಿದ್ರೆ ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಬಣ್ಣ ಬಯಲು. ಕವರ್ ಲೆಟರ್‌ನ ಚಾಟ್‌ಜಿಪಿಟಿ ಕೈಲಿ ಬರೆಸೋದು ನಿಮ್ಮಿಷ್ಟ, ಆದ್ರೆ ಒಂದೇ ದಿನದಲ್ಲಿ ಹತ್ತಾರು ಜನ ಒಂದೇ ಮಾತಲ್ಲಿ 'ನಿಮ್ಮ ಸಂಸ್ಥೆಯ ಧ್ಯೇಯ ನನ್ನನ್ನು ಸೆಳೆಯಿತು' ಅಂದಿರ್ತಾರೆ, ಯಾರು ಯಾರನ್ನ ಸೆಳೆದ್ರು ಅಂತಲೇ ಗೊತ್ತಾಗಲ್ಲ.

---

ಹಳೇಪಾಪಿ:

ಎಲ್ಲ ಸರಿಯಾಗೇ ಹೇಳಿದೀರಾ, ಆದ್ರೆ ಪರಿಚಯದ ದಾರಿ ಯಾರೂ ಎತ್ತಲಿಲ್ಲ. ಪರಿಚಯ ಅಂದ ತಕ್ಷಣ ಶಿಫಾರಸು ಅಂದ್ಕೋಬೇಡಿ.

ಮಾರ್ಕ್ ಗ್ರಾನೊವೆಟರ್ ಅಂತ ಸಮಾಜಶಾಸ್ತ್ರಜ್ಞ 1973ರಲ್ಲಿ ಒಂದು ಪ್ರಬಂಧ ಬರೆದ್ರು. ಪರಿಚಯದಿಂದ ಕೆಲಸ ಸಿಕ್ಕಿದವರನ್ನ ಕೇಳಿ ನೋಡಿದ್ರೆ, ಆ ಸುದ್ದಿ ಕೊಟ್ಟೋರು ಆಗಾಗ್ಗೆ ಭೇಟಿ ಆಗೋ ಹತ್ತಿರದವರು ಅಂದವರು ನೂರಕ್ಕೆ ಸುಮಾರು 17 ಮಾತ್ರ, ಉಳಿದವರಿಗೆಲ್ಲ ಯಾವಾಗಲಾದ್ರೊಮ್ಮೆ ಇಲ್ಲ ಅಪರೂಪಕ್ಕೆ ಸಿಗೋರಿಂದ ಬಂದಿದ್ದು. ಯಾಕಂದ್ರೆ ಹತ್ತಿರದ ಸ್ನೇಹಿತರಿಗೆ ಗೊತ್ತಿರೋದು ನಮಗೂ ಗೊತ್ತಿರುತ್ತೆ, ನಿನ್ನ ಕ್ಲಾಸ್‌ಮೇಟು ನೋಡೋದೂ ನೀನು ನೋಡೋ ಸೈಟನ್ನೇ. 2022ರಲ್ಲಿ ಸೈನ್ಸ್ ಪತ್ರಿಕೇಲಿ ಇನ್ನೊಂದು ಬಂತು, ಲಿಂಕ್ಡ್‌ಇನ್ನಿನ 2 ಕೋಟಿ ಜನರ ಮೇಲೆ ಐದು ವರ್ಷ ನಡೆದ ಪ್ರಯೋಗ, 'ನಿಮಗೆ ಇವರು ಗೊತ್ತಿರಬಹುದು' ಅಂತ ತೋರಿಸುತ್ತಲ್ಲ ಅದನ್ನೇ ಬೇರೆ ಬೇರೆ ಜನಕ್ಕೆ ಬೇರೆ ಬೇರೆ ತರ ತೋರಿಸಿ ನೋಡಿದ್ದು. ಅದ್ರಲ್ಲೂ ತೀರಾ ಹತ್ತಿರದವರಿಗಿಂತ ಸ್ವಲ್ಪ ದೂರದ ಪರಿಚಯದವರಿಂದಲೇ ಕೆಲಸ ಬದಲಾವಣೆ ಜಾಸ್ತಿ ಆಗಿದ್ದು ಅಂತ ಬಂತು. ಕಣ್ಣಲ್ಲೇ ಕಂಡಿರದ ಅಪರಿಚಿತರೂ ಅಲ್ಲ, ನಡುವಿನವರು.

ನಡುವಿನವರು ಅಂದ್ರೆ ನಿನಗೆ ಯಾರು? ಎರಡು ಮೂರು ವರ್ಷ ಸೀನಿಯರ್ರು. ಲಿಂಕ್ಡ್‌ಇನ್ನಲ್ಲಿ ನಿನ್ನ ಕಾಲೇಜಿನ ಪೇಜಿಗೆ ಹೋದ್ರೆ ಅಲ್ಯುಮ್ನಿ ಅಂತ ಒಂದು ಟ್ಯಾಬ್ ಇದೆ, ಯಾರು ಎಲ್ಲಿ ಏನು ಕೆಲಸ ಮಾಡ್ತಿದಾರೆ ಅಂತ ಫಿಲ್ಟರ್ ಮಾಡಬಹುದು. ಬಹಳ ಜನ ಅದನ್ನ ತೆಗೆದೇ ನೋಡಿರಲ್ಲ. ಸ್ಟ್ಯಾಟಿಸ್ಟಿಕ್ಸ್ ಹಾಕಿ ನೋಡು.

ಮೆಸೇಜ್ ಹೀಗೆ ಕಳಿಸು: 'ನಮಸ್ತೆ ಅಕ್ಕ, ನಾನು ಅದೇ ಡಿಪಾರ್ಟ್‌ಮೆಂಟಿನ ಕೊನೇ ವರ್ಷದವನು. ನೀವು ಕ್ರೆಡಿಟ್ ಸ್ಕೋರಿಂಗ್ ಟೀಮಲ್ಲಿದೀರಾ ಅಂತ ನೋಡಿದೆ. ಆ ತರದ ಕೆಲಸದ ಪೋಸ್ಟಿಂಗ್‌ಗಳನ್ನ ಓದ್ತಿದ್ದೆ, ಅರ್ಧಕ್ಕರ್ಧ ಎಸ್‌ಎಎಸ್ ಸಾಫ್ಟ್‌ವೇರ್ ಕೇಳ್ತಾರೆ ಇನ್ನರ್ಧ ಪೈಥಾನ್ ಕೇಳ್ತಾರೆ. ನಿಮ್ಮಲ್ಲಿ ದಿನಾ ಬಳಸೋದು ಯಾವುದು, ಹೊಸಬರು ಮೊದಲು ಯಾವುದು ಕಲಿಯೋದು ಒಳ್ಳೇದು? ಬಿಡುವಾದಾಗ ಎರಡು ಸಾಲು ಬರೆದ್ರೆ ಸಾಕು.' ಮುಗೀತು. ರೆಸ್ಯೂಮೆ ಅಂಟಿಸ್ಬೇಡ, ಕೆಲಸ ಕೊಡಿಸಿ ಅನ್ಬೇಡ, ಹಾಯ್ ಅಂತ ಒಂದು ಪದ ಕಳಿಸಿ ಕಾಯ್ಬೇಡ, ಅದಂತೂ ಮಾಡ್ಲೇಬೇಡ. ಉತ್ತರ ಕೊಡೋಕೆ ಎರಡು ನಿಮಿಷ ಸಾಕು ಅನ್ನೋ ಪ್ರಶ್ನೆಗೆ ಜನ ಉತ್ತರ ಕೊಡ್ತಾರೆ. ಕೊಟ್ಟ ಮೇಲೆ ಅವರು ಹೇಳಿದ್ದನ್ನ ಮಾಡಿ, ಮಾಡಿದೆ ಅಂತ ಮತ್ತೆ ಬರೆದು ತಿಳಿಸಿದ್ರೆ ಆಮೇಲೆ ಟೀಮಲ್ಲಿ ಜಾಗ ಖಾಲಿ ಆದಾಗ ನಿನ್ನ ಹೆಸರು ಅವರಿಗೇ ನೆನಪಾಗುತ್ತೆ.

---

ಕೊನೇಬೆಂಚು:

ಅಣ್ಣ ಆ ಅಲ್ಯುಮ್ನಿ ಟ್ಯಾಬ್ ನೋಡಿದೆ, ನಂಗೆ ಲ್ಯಾಬಲ್ಲಿ ಹೇಳ್ಕೊಡ್ತಿದ್ದ ಸೀನಿಯರ್ ಅಕ್ಕನೇ ಸರ್ವೇ ಕಂಪನೀಲಿದಾರೆ, ಇಷ್ಟು ದಿನ ಗೊತ್ತೇ ಇರ್ಲಿಲ್ಲ. ನಾಳೆ ಮೆಸೇಜ್ ಮಾಡ್ತೀನಿ.

ಇನ್ನೊಂದು ಅರ್ಜೆಂಟ್ ವಿಷಯ. ಇದನ್ನ ಬರೀತಿರೋವಾಗಲೇ ಟೆಲಿಗ್ರಾಮಲ್ಲಿ ಒಬ್ರು ಮೆಸೇಜ್ ಹಾಕಿದಾರೆ, ದೊಡ್ಡ ಕಂಪನಿ ಹೆಸರು, ನನ್ನ ಪ್ರೊಫೈಲ್ ಶಾರ್ಟ್‌ಲಿಸ್ಟ್ ಆಗಿದೆಯಂತೆ. ಇಂಟರ್‌ವ್ಯೂ ಅಂತ ಚಾಟಲ್ಲೇ ಕೆಲವು ಪ್ರಶ್ನೆ ಕೇಳಿದ್ರು, ಅರ್ಧ ಗಂಟೇಲಿ ಆಫರ್ ಲೆಟರ್ ಕಳಿಸಿದ್ರು, ಲೋಗೋ ಸೀಲು ಎಲ್ಲ ಇದೆ. ಮನೆಯಿಂದ ಕೆಲಸ, ಲ್ಯಾಪ್‌ಟಾಪ್ ಅವರೇ ಕಳಿಸ್ತಾರಂತೆ, ಅದಕ್ಕೆ ಡೆಪಾಸಿಟ್ ಕಟ್ಬೇಕು, ಮೊದಲ ಸಂಬಳದ ಜತೆ ವಾಪಸ್ ಬರುತ್ತಂತೆ. ಇವತ್ತು ರಾತ್ರಿ ಒಳಗೆ ಕಟ್ಟಿದ್ರೆ ಮಾತ್ರ ಸೀಟು. ನಂಗೂ ಡೌಟೇ, ಆದ್ರೆ ಆಫರ್ ಲೆಟರ್ ನೋಡಿದ್ರೆ ಒರಿಜಿನಲ್ ತರಾನೇ ಇದೆ.

---

ಮೇಜಿನಾಚೆ:

ಕಟ್ಬೇಡಿ!! ಮೊದ್ಲು ಆ ಚಾಟಿಗೆ ಉತ್ತರ ಕೊಡೋದು ನಿಲ್ಲಿಸಿ.

ಕೆಲಸ ಕೊಡೋರು ದುಡ್ಡು ಕೇಳಲ್ಲ. ಡೆಪಾಸಿಟ್, ಟ್ರೈನಿಂಗ್ ಫೀಸ್, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಫೀಸ್, ಲ್ಯಾಪ್‌ಟಾಪ್ ಇನ್ಶೂರೆನ್ಸ್, ಯಾವ ಹೆಸರಿಟ್ರೂ ಅಷ್ಟೇ. ಒಬ್ಬರ ಮುಖಾನೂ ನೋಡದೆ, ದನಿಯೂ ಕೇಳದೆ ಚಾಟಲ್ಲಿ ಇಂಟರ್‌ವ್ಯೂ ಮುಗಿಸಿ ಅರ್ಧ ಗಂಟೇಲಿ ಆಫರ್ ಕೊಡೋ ದೊಡ್ಡ ಕಂಪನಿ ಇರಲ್ಲ, ನಮಗೆ ಒಳಗಡೆ ಒಂದು ಅಪ್ರೂವಲ್ ಬರೋಕೇ ದಿನಗಟ್ಟಲೆ ಬೇಕು.

ಸೀಲು ಲೋಗೋ ನೋಡ್ಬೇಡಿ, ಅದನ್ನ ಯಾರು ಬೇಕಾದ್ರೂ ಅಂಟಿಸ್ತಾರೆ. ಲೆಟರಲ್ಲಿರೋ ಮೇಲ್ ಐಡೀಲಿ @ ಚಿಹ್ನೆ ಆದ್ಮೇಲೆ ಏನಿದೆ ಅಂತ ಅಕ್ಷರ ಅಕ್ಷರ ಓದಿ. ಕಂಪನಿಯ ಸೈಟಿನ ಹೆಸರೇ ಇದ್ಯಾ, ಇಲ್ಲ ಅದಕ್ಕೆ ಗೆರೆ ಹಾಕಿ ಕರಿಯರ್ಸ್ ಅಂತಲೋ ಎಚ್‌ಆರ್ ಅಂತಲೋ ಸೇರಿಸಿದಾರಾ, ಇಲ್ಲ ಜಿಮೇಲಾ? ಆ ಡೊಮೇನ್ ಹೆಸರನ್ನ ಹೂಈಸ್ ಲುಕಪ್ ಅಂತ ಇರೋ ಸೈಟಲ್ಲಿ ಹಾಕಿದ್ರೆ ಅದು ಯಾವತ್ತು ರಿಜಿಸ್ಟರ್ ಆಗಿದ್ದು ಅಂತ ತೋರಿಸುತ್ತೆ, ದಶಕಗಳ ಹಳೇ ಕಂಪನಿ ಡೊಮೇನ್ ಹೋದ ತಿಂಗಳು ರಿಜಿಸ್ಟರ್ ಆಗಿರಲ್ಲ. ಆಮೇಲೆ ಕಂಪನಿಯ ನಿಜವಾದ ಸೈಟಿಗೆ ನೀವೇ ಹೋಗಿ, ಅವರು ಕೊಟ್ಟ ಲಿಂಕಿಂದ ಅಲ್ಲ, ಅಲ್ಲಿ ಈ ಕೆಲಸ ಇದ್ಯಾ ನೋಡಿ, ಅಲ್ಲಿರೋ ವಿಳಾಸಕ್ಕೆ ಈ ಆಫರ್ ನಿಮ್ಮದಾ ಅಂತ ಮೇಲ್ ಹಾಕಿ.

ಐಡಿ ಕಾರ್ಡ್ ಫೋಟೋ, ಬ್ಯಾಂಕ್ ಅಕೌಂಟ್ ವಿವರ ಏನಾದ್ರೂ ಆಗಲೇ ಕೊಟ್ಟಿದೀರಾ? ಓಟಿಪಿ ಏನಾದ್ರೂ ಹೇಳಿದ್ರಾ?

---

ಕೊನೇಬೆಂಚು:

ಇಲ್ಲ ಮೇಡಂ, ರೆಸ್ಯೂಮೆ ಮಾತ್ರ. ಮೇಲ್ ಐಡಿ ನೋಡಿದೆ, ಕಂಪನಿ ಹೆಸರಲ್ಲಿ ಎಲ್ ಅಕ್ಷರದ ಜಾಗದಲ್ಲಿ ಒಂದು ಅನ್ನೋ ಅಂಕಿ ಇದೆ!! ಹಾಗೇ ನೋಡಿದ್ರೆ ಗೊತ್ತೇ ಆಗಲ್ಲ. ಬ್ಲಾಕ್ ಮಾಡಿ ರಿಪೋರ್ಟ್ ಹೊಡೆದೆ.

---

ಇರುಳುಗಣ್ಣು:

ರೆಸ್ಯೂಮೇಲಿ ಪೂರ್ತಿ ಮನೆ ಅಡ್ರೆಸ್ಸು, ಹುಟ್ಟಿದ ದಿನ, ಅಪ್ಪ ಅಮ್ಮನ ಹೆಸರು ಇದ್ರೆ ಅದನ್ನೂ ತೆಗೆದುಬಿಡು ತಮ್ಮಾ, ಯಾವ ಕೆಲಸಕ್ಕೂ ಮೊದಲನೇ ದಿನ ಅದು ಬೇಡ. ಜಾಬ್ ಸೈಟುಗಳಿಗೆ ಅಂತಲೇ ಬೇರೆ ಒಂದು ಮೇಲ್ ಐಡಿ ಮಾಡ್ಕೋ, ಸ್ಪ್ಯಾಮೂ ಅಲ್ಲೇ ಬೀಳುತ್ತೆ, ಇಂಟರ್‌ವ್ಯೂ ಮೇಲೂ ಕಳೆದುಹೋಗಲ್ಲ. ಇನ್ನೊಂದು ತರದ್ದೂ ಓಡಾಡ್ತಿದೆ, ವಿಡಿಯೋ ಲೈಕ್ ಮಾಡು ರಿವ್ಯೂ ಹಾಕು ಅಂತ ಮೊದ್ಲು ಸಣ್ಣ ದುಡ್ಡು ನಿಜವಾಗ್ಲೂ ಕೊಡ್ತಾರೆ, ನಂಬಿಕೆ ಬಂದ್ಮೇಲೆ ದೊಡ್ಡ ಟಾಸ್ಕಿಗೆ ನೀನೇ ಕಟ್ಬೇಕು ಅಂತಾರೆ, ಅಲ್ಲಿಗೆ ಹೋಯ್ತು.

---

ಸುಮ್ನೆಹೋಗು:

ಜಾಸ್ತಿ ಒತ್ತು ಅಂದಿದ್ದೋನು ನಾನೇ, ಆದ್ರೆ ಇಂಥದ್ದಕ್ಕೆಲ್ಲ ಒತ್ಬೇಡ ಮಾರಾಯ. ಎಕ್ಸೆಲ್ ಶೀಟ್ ಆದ್ಮೇಲೆ ಇಲ್ಲೇ ಹಾಕು, ನಾನೂ ನೋಡ್ತೀನಿ.

---

ಕೊನೇಬೆಂಚು:

ಅಪ್‌ಡೇಟ್. ವಾರ ಆಯ್ತು, ಶೀಟ್ ಮುಗೀತು. ನಾನು ಅಂದ್ಕೊಂಡಿದ್ದೇ ಬೇರೆ ಬಂದಿದ್ದೇ ಬೇರೆ. ಪೈಥಾನ್ ಪೂರ್ತಿ ಕಲಿಯದೆ ಏನೂ ಆಗಲ್ಲ ಅಂದ್ಕೊಂಡಿದ್ದೆ, ನಂಗೆ ನಾಲ್ಕೋ ಐದೋ ಅಂಕ ಕೊಡೋಣ ಅನ್ಸಿರೋ ಕೆಲಸಗಳಲ್ಲಿ ಅದು ಇದ್ರೆ ಒಳ್ಳೇದು ಕಾಲಮ್ಮಲ್ಲೇ ಜಾಸ್ತಿ ಇರೋದು, ಕಡ್ಡಾಯ ಅಂತ ಪದೇಪದೇ ಬಂದಿರೋದು ಎಸ್‌ಕ್ಯೂಎಲ್, ಅದನ್ನ ನಾನು ಮುಟ್ಟೇ ಇಲ್ಲ. ಬಿಸಿನೆಸ್ ಅನಲಿಸ್ಟ್‌ಗೆಲ್ಲ ಒಂದೋ ಎರಡೋ ಅಂಕ ಕೊಟ್ಟಿದೀನಿ, ದಿನಪೂರ್ತಿ ಮೀಟಿಂಗು. ಸರ್ವೇ ಮತ್ತೆ ಕ್ರೆಡಿಟ್ ಸ್ಕೋರಿಂಗ್ ಮೇಲೆ ಬಂದಿದೆ. ಸೀನಿಯರ್ ಅಕ್ಕ ಎರಡು ಸಾಲು ಅಲ್ಲ, ಉದ್ದಕ್ಕೆ ಬರೆದಿದಾರೆ, ಅವರ ಟೀಮಲ್ಲಿ ಸ್ಯಾಂಪಲ್ ವೆಯ್ಟಿಂಗ್ (ಸರ್ವೇಲಿ ಸಿಕ್ಕವರ ಲೆಕ್ಕಾನ ಪೂರ್ತಿ ಜನಸಂಖ್ಯೆಗೆ ಹೊಂದಿಸೋದು) ಎಲ್ಲ ಆರ್‌ನಲ್ಲೇ ಮಾಡ್ತಾರಂತೆ!

ಎರಡು ಡೌಟು. ಎಸ್‌ಕ್ಯೂಎಲ್ ಎಷ್ಟು ಬಂದ್ರೆ ರೆಸ್ಯೂಮೇಲಿ ಬರೀಬಹುದು? ಮತ್ತೆ ಫಾರಮ್ಮಲ್ಲಿ ನಿರೀಕ್ಷಿಸೋ ಸಂಬಳ ಅಂತ ಕಡ್ಡಾಯ ಬಾಕ್ಸ್ ಇರುತ್ತೆ, ಅಲ್ಲಿ ಏನು ಹಾಕೋದು?

---

ಸೊನ್ನೆಒಂದು:

ಸೂಪರ್. ಎರಡು ಟೇಬಲ್ ಜಾಯಿನ್ ಮಾಡಿ, ಗ್ರೂಪ್ ಬೈ ಹಾಕಿ, ಇನ್ನರ್ ಜಾಯಿನಿಗೂ ಲೆಫ್ಟ್ ಜಾಯಿನಿಗೂ ಸಾಲುಗಳ ಸಂಖ್ಯೆ ಯಾಕೆ ಬದಲಾಯ್ತು ಅಂತ ಬಾಯಲ್ಲಿ ಹೇಳೋಕೆ ಬಂದ್ರೆ ಬರೀಬಹುದು. ವಿಂಡೋ ಫಂಕ್ಷನ್ ಆಮೇಲೆ ಕಲಿ, ಇಂಟರ್‌ವ್ಯೂನಲ್ಲಿ ಕೇಳ್ತಾರೆ. ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್ ಹಾಕ್ಕೊಂಡು ನಿನ್ನ ಪ್ರಾಜೆಕ್ಟ್ ಡೇಟಾನೇ ಅದಕ್ಕೆ ತುಂಬಿ, ಆರ್‌ನಲ್ಲಿ ಮಾಡಿದ್ದನ್ನೇ ಎಸ್‌ಕ್ಯೂಎಲಲ್ಲಿ ಮತ್ತೆ ಮಾಡು. ಉತ್ತರ ಆಗಲೇ ಗೊತ್ತಿರೋದ್ರಿಂದ ತಪ್ಪಾದ್ರೆ ನಿಂಗೇ ಕಾಣುತ್ತೆ. ಆಗಿದ್ದನ್ನ ಕೋಡ್ ಇಡೋ ಸೈಟಾದ ಗಿಟ್‌ಹಬ್ಬಲ್ಲಿ ಹಾಕಿ ರೆಸ್ಯೂಮೇಲಿ ಲಿಂಕ್ ಕೊಡು.

---

ಮೇಜಿನಾಚೆ:

ಸಂಬಳದ ಬಾಕ್ಸ್: ಅಕ್ಷರ ತಗೊಳ್ಳುತ್ತೆ ಅಂದ್ರೆ 'ಮಾತುಕತೆಗೆ ಬಿಟ್ಟಿದ್ದು' ಅಂತ ಹಾಕಿ. ಅಂಕಿ ಮಾತ್ರ ತಗೊಳ್ಳುತ್ತೆ ಅಂದ್ರೆ ಸೊನ್ನೆ ಒತ್ಬೇಡಿ, ಕೆಲವು ಕಡೆ ಅದೂ ಫಿಲ್ಟರಲ್ಲಿ ಲೆಕ್ಕಕ್ಕೆ ಬರುತ್ತೆ. ನಿಮ್ಮ ಶೀಟಲ್ಲಿ ಸಂಬಳ ಬರೆದಿರೋ ಪೋಸ್ಟಿಂಗ್‌ಗಳು ಕೆಲವಾದ್ರೂ ಇರ್ತಾವೆ, ಅದೇ ತರದ ಕೆಲಸಗಳ ಮೀಡಿಯನ್ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ರೆ ನಟ್ಟನಡುವೆ ಬರೋ ಅಂಕಿ) ತೆಗೀರಿ, ಅದಕ್ಕಿಂತ ಸ್ವಲ್ಪ ಮೇಲೆ ಹಾಕಿ. ಗ್ಲಾಸ್‌ಡೋರಲ್ಲಿ ಆ ಕಂಪನಿಯ ಅದೇ ಹುದ್ದೆಗೆ ಏನಿದೆ ಅಂತಾನೂ ನೋಡಿ, ಅಲ್ಲಿರೋದು ಉದ್ಯೋಗಿಗಳೇ ಹಾಕಿರೋ ಅಂಕಿ, ಒಂದೆರಡೇ ಇದ್ರೆ ಜಾಸ್ತಿ ನಂಬ್ಬೇಡಿ. ಆಮೇಲೆ ಫೋನಲ್ಲಿ ಕೇಳಿದಾಗ ನೀವೇ ಮೊದಲು ಅಂಕಿ ಹೇಳೋ ಬದಲು, ಈ ಹುದ್ದೆಗೆ ನಿಮ್ಮಲ್ಲಿ ಎಷ್ಟರಿಂದ ಎಷ್ಟರವರೆಗೆ ಇಟ್ಟಿದೀರಾ ಅಂತ ವಾಪಸ್ ಕೇಳಬಹುದು, ನಾವೇನೂ ಬೇಜಾರು ಮಾಡ್ಕೊಳ್ಳಲ್ಲ.

ಅಪ್ಲೈ ಮಾಡಿ ಏಳೆಂಟು ದಿನ ಆದ್ರೂ ಸುದ್ದಿ ಇಲ್ಲ ಅಂದ್ರೆ ಒಂದು ಸಲ ಮೇಲ್ ಹಾಕಿ, ಹುದ್ದೆಯ ಹೆಸರು ಮತ್ತೆ ಅಪ್ಲೈ ಮಾಡಿದ ತಾರೀಖು ಸಬ್ಜೆಕ್ಟ್ ಸಾಲಲ್ಲೇ ಇರ್ಲಿ. ಶೀಟಿಗೆ ಇನ್ನೊಂದು ಕಾಲಮ್ ಸೇರಿಸ್ಕೊಳ್ಳಿ, ಯಾವ ಕೆಲಸಕ್ಕೆ ಯಾವ ರೆಸ್ಯೂಮೆ ಕಳಿಸಿದ್ದು ಅಂತ. ಮೂರು ವಾರ ಬಿಟ್ಟು ಫೋನ್ ಬಂದಾಗ ನನ್ನ ಕೈಲಿ ನಿಮ್ಮ ಯಾವ ಕಾಗದ ಇದೆ ಅಂತ ನಿಮಗೂ ಗೊತ್ತಿರ್ಬೇಕಲ್ಲ.